ಸುಳ್ಳು ಬಿಸಿಲು

ಸೋಮವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಗಾಳಿ ಪೂರ್ತಿ ನಿಂತುಹೋಯಿತು.

ಹಿಂದಿನ ಸಂಜೆಯಿಂದ ಶಿರೊಬೆತ್ಸು ಊರಿನ ಕಿಟಕಿಗಳನ್ನೆಲ್ಲ ಹಿಡಿದು ಅಲುಗಾಡಿಸಿದ್ದ ಗಾಳಿ ಅದು. ಮೊದಲು ನೀರು ಬೆರೆತ ಹಿಮ ಸುರಿದಿತ್ತು. ಅದು ರಸ್ತೆಯ ಮೇಲೆ ಗಾಜಿನ ಪದರದಂತೆ ಹೆಪ್ಪುಗಟ್ಟಿದ ಮೇಲೆ ಚಳಿ ಹೆಚ್ಚಿ, ಒಣ ಹಿಮ ಮೊಣಕಾಲೆತ್ತರ ಕೂತಿತ್ತು. ಈಗ ಮೋಡ ಹರಿದು ನೀಲಿ ಆಕಾಶ ಹೊರಬಿತ್ತು. ಸೂರಿನ ಹಿಮ ಕರಗಿ ತೊಟ್ಟಿಕ್ಕತೊಡಗಿತು. ಜನ ಸಲಿಕೆ ಹಿಡಿದು ಹೊರಬಂದು, ಬೀದಿಯ ಆ ಬದಿಯಿಂದ ಈ ಬದಿಗೆ ಕೂಗಿ ಮಾತಾಡತೊಡಗಿದರು.

ಪುರಸಭೆಯ ಎರಡನೆಯ ಮಹಡಿಯಲ್ಲಿ ಫೋನುಗಳಿಗೆ ಬಿಡುವೇ ಇರಲಿಲ್ಲ.

"ಏನ್ರೀ, ಇಲ್ಲಿ ಬಟ್ಟೆ ಒಣಗಿಸೋ ಹಾಗೆ ಬಿಸಿಲು ಬಿದ್ದಿದೆ. ನಿಮ್ಮ ಎಚ್ಚರಿಕೆ ಇನ್ನೂ ಯಾಕೆ ಹಾಗೇ ಇದೆ?"

"ಕಿಟಕಿ ಇದೆ ತಾನೇ ನಿಮ್ಮ ಆಫೀಸಿಗೆ? ಒಂದ್ಸಲ ಪರದೆ ಸರಿಸಿ ನೋಡಿ ಮೇಡಂ."

ಫೋನು ಎತ್ತುತ್ತಿದ್ದವಳು ಚಿಹಾರು. ಹದಿನೆಂಟು ವರ್ಷ ದೊಡ್ಡ ಊರಿನ ಹವಾಮಾನ ಕೇಂದ್ರದಲ್ಲಿ ದುಡಿದು, ಹುಟ್ಟೂರಿನ ಪುರಸಭೆಗೆ ಹವಾಮಾನ ಸಲಹೆಗಾರ್ತಿಯಾಗಿ ಬಂದಿದ್ದಳು. ಬೈಸಿಕೊಳ್ಳುವುದು ಕೆಲಸದ ಒಂದು ಭಾಗ ಎಂದು ಬಂದ ಮೊದಲ ಚಳಿಗಾಲದಲ್ಲೇ ಅವಳಿಗೆ ಗೊತ್ತಾಗಿತ್ತು.

"ನಮ್ಮ ದ್ವೀಪದ ಆ ಕಡೆ ಒಂದು, ಈ ಕಡೆ ಒಂದು, ಎರಡು ವಾಯುಭಾರ ಕುಸಿತ ಇವೆ," ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದಳು. "ನಾವೀಗ ಎರಡರ ನಡುವಿನ ಸಂದಿಯಲ್ಲಿದ್ದೀವಿ. ಅವೆರಡೂ ಪೂರ್ವದಲ್ಲಿ ಒಂದಾದ ತಕ್ಷಣ ಸಮುದ್ರದ ಕಡೆಯಿಂದ ಗಾಳಿ ನುಗ್ಗುತ್ತೆ. ಅದರ ಮುಂದೆ ನಿನ್ನೆ ರಾತ್ರೀದು ಏನೇನೂ ಅಲ್ಲ. ಇದು ಸುಳ್ಳು ಬಿಸಿಲು. ದಯವಿಟ್ಟು ಒಳಗೇ ಇರಿ."

ಕೆಲವರು ಕೇಳಿದರು. ಕೆಲವರು ನಕ್ಕು ಫೋನಿಟ್ಟರು.

ಆಗ ವಿಪತ್ತು ವಿಭಾಗದ ಮುಖ್ಯಸ್ಥ ಹಿರುಮ ಅವಳ ಮೇಜಿನ ಬಳಿ ಬಂದು ನಿಂತ. ಎಂದೂ ದನಿ ಎತ್ತದ ಮನುಷ್ಯ. ಅವತ್ತು ಇನ್ನೂ ಮೆಲ್ಲಗೆ ಮಾತಾಡಿದ.

"ಚಿಹಾರು ಅವ್ರೇ, ತೋಮೆ ಅಜ್ಜಿ ವಿಷಯ. ಶುಕ್ರವಾರ ಡಯಾಲಿಸಿಸ್ ಆಗಿದ್ದು. ಇವತ್ತು ಆಗ್ಲೇಬೇಕಿತ್ತು. ಬೆಳಿಗ್ಗೆಯಿಂದ ಕೈಕಾಲು ಸೋತು ಏಳೋಕ್ಕಾಗ್ತಿಲ್ವಂತೆ. ಕಮುರೊ ಆಸ್ಪತ್ರೆಗೆ ಫೋನ್ ಮಾಡ್ದೆ. ಬಿರುಗಾಳಿ ನಿಲ್ಲೋ ಬುಧವಾರದ ತನಕ ಕಾಯೋ ಹಾಗಿಲ್ಲ, ರಕ್ತದಲ್ಲಿ ಪೊಟ್ಯಾಶಿಯಂ ಏರಿದ್ರೆ ಎದೆ ನಿಂತುಹೋಗುತ್ತೆ ಅಂದ್ರು."

"ಹೆಲಿಕಾಪ್ಟರ್?"

"ಅದು ಇರೋ ಊರಲ್ಲಿ ಇನ್ನೂ ಹಿಮ ಬೀಳ್ತಿದೆ. ಮೇಲೇಳಲ್ಲ." ಹಿರುಮ ಕಿಟಕಿಯ ಕಡೆ ನೋಡಿದ. "ರಸ್ತೆ ಒಂದೇ ಉಳಿದಿರೋದು. ಆ ಬಿಸಿಲು ಸುಳ್ಳು ಅಂತೀರಲ್ಲ. ಅದು ಎಷ್ಟು ಹೊತ್ತು ಇರುತ್ತೆ?"

ಎಲ್ಲರನ್ನೂ ಒಳಗೆ ಕೂರಿಸಬೇಕಾದ ಬಿಸಿಲೇ ಈ ಒಬ್ಬಳಿಗೆ ಉಳಿದಿದ್ದ ದಾರಿ. ಕಮುರೊಗೆ ಕರಾವಳಿಯ ರಸ್ತೆಯಲ್ಲಿ ಬೇಸಿಗೆಯಲ್ಲಾದರೆ ಅರ್ಧ ಗಂಟೆ. ಮುಂದೆ ಹಿಮ ತಳ್ಳುವ ಲಾರಿ, ಹಿಂದೆ ಆಂಬುಲೆನ್ಸ್ ಹೋದರೆ ಅದರ ಎರಡರಷ್ಟು. ಚಿಹಾರು ಉಪಗ್ರಹದ ಚಿತ್ರವನ್ನು ಮತ್ತೊಮ್ಮೆ ತೆರೆದಳು. ಸಮುದ್ರದ ಮೇಲೆ ಮೋಡಗಳು ಉತ್ತ ಹೊಲದ ಸಾಲುಗಳಂತೆ ಮೂಡಿದ್ದವು. ಚಿತ್ರ ಸ್ವಲ್ಪ ಹಳೆಯದು. ರೇಡಾರ್ ನೋಡುವುದು ವ್ಯರ್ಥ. ಚಳಿಗಾಲದ ಹಿಮದ ಮೋಡಗಳು ತಗ್ಗಿನಲ್ಲೇ ಬರುತ್ತವೆ, ರೇಡಾರಿನ ಕಣ್ಣು ಅವುಗಳ ನೆತ್ತಿಯ ಮೇಲೆ ಹಾದುಹೋಗುತ್ತದೆ.

"ಒಂದೂವರೆ ಗಂಟೆ," ಎಂದಳು. "ಎರಡು ಅನ್ನೋಕೆ ಧೈರ್ಯ ಇಲ್ಲ. ಇಲ್ಲಿ ಕೂತ್ರೆ ಸಮುದ್ರ ಕಾಣಲ್ಲ. ನಾನೂ ಲಾರಿಲಿ ಹೋಗ್ತೀನಿ."

ಹಿರುಮ, ಬಿರುಗಾಳಿಯಲ್ಲಿ ರಸ್ತೆ ಮುಚ್ಚುವ ಗೇಟಿನವನಿಗೆ ಫೋನ್ ಮಾಡಿ, ಎರಡೇ ಎರಡು ಗಾಡಿ ಬಿಟ್ಟು ತಕ್ಷಣ ಮುಚ್ಚಬೇಕೆಂದು ಹೇಳಿದ.

ಲಾರಿ ಓಡಿಸುವವನು ಗೆಂಪೇಯ್, ಚಿಹಾರುವಿನ ಅಣ್ಣ. ಅವನ ಸಹಾಯಕ ತನ್ನ ಮನೆಯ ಬಾಗಿಲಿಗೆ ಬಿದ್ದ ಹಿಮದಲ್ಲಿ ಸಿಕ್ಕಿಕೊಂಡಿದ್ದರಿಂದ ಪಕ್ಕದ ಸೀಟು ಖಾಲಿ ಇತ್ತು. ತಂಗಿ ಹತ್ತಿ ಕೂತಾಗ ಅವನು ಕಿರುನಗೆ ನಕ್ಕ.

"ಏನೇ, ನೀನು ಹಿಮ ಅಂದ ದಿನ ನಮ್ಮನೇಲಿ ಹಾಸಿಗೆ ಬಿಸಿಲಿಗೆ ಹಾಕ್ತಿದ್ವಲ್ಲ, ನೆನಪಿದೆಯಾ?"

"ಸುಮ್ನೆ ಓಡಿಸೋ."

"ಓಡಿಸ್ತೀನಿ. ಆದ್ರೆ ಆ ಸೀಟಲ್ಲಿ ಕೂತವರು ದಾರಿ ಕಾಣದಾಗ ಇಳಿದು ದೀಪ ಹಿಡಿದು ಮುಂದೆ ನಡೀಬೇಕು. ಮೋಡ ನೋಡ್ಕೊಂಡು ಕೂರೋ ಸೀಟಲ್ಲ ಅದು."

ಹಿಂದೆ ಆಂಬುಲೆನ್ಸಿನಲ್ಲಿ ಚಾಲಕನ ಜೊತೆ ಹಯಾಮಿ ಎಂಬ ಶುಶ್ರೂಷಕಿ ಇದ್ದಳು. ತೋಮೆ ಅಜ್ಜಿಯನ್ನು ಮಲಗಿಸಿ, ಎದೆಗೆ ತಂತಿ ಅಂಟಿಸಿ, ಅವರು ಲಾರಿಯ ಬೆನ್ನಿಗೆ ಅಂಟಿಕೊಂಡಂತೆ ಹೊರಟರು. ಎರಡು ಗಾಡಿಗಳ ನಡುವೆ ರೇಡಿಯೋದಲ್ಲಿ ಮಾತು ನಡೆಯುತ್ತಿತ್ತು.

ಮೊದಲ ಅರ್ಧ ದಾರಿ ಸುಲಭವಾಗಿ ಸಾಗಿತು. ಲಾರಿಯ ಮುಂದಿನ ಅಲಗು ಹಿಮವನ್ನು ಕೆತ್ತಿ ಎಡಕ್ಕೆ ಎಸೆಯುತ್ತಿತ್ತು. ರಸ್ತೆಯ ಅಂಚು ತೋರಿಸಲು ಎತ್ತರದ ಕಂಬಗಳಿಂದ ಇಳಿಬಿಟ್ಟ ಕೆಂಪು ಬಿಳಿ ಬಾಣಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಚಿಹಾರು ಬಾಣಗಳನ್ನು ನೋಡಲಿಲ್ಲ. ತೀರಾ ಎತ್ತರದಲ್ಲಿ ಕೂದಲೆಳೆಯಂಥ ಮೋಡಗಳು ನೈಋತ್ಯದಿಂದ ಬಾಚಿದ ಹಾಗೆ ಹರಿಯುತ್ತಿದ್ದವು. ಅದು ಸರಿಯೇ. ಕೆಳಗೆ ಹರಿದ ಹತ್ತಿಯಂಥ ಚೂರುಗಳು ಅಲುಗಾಡದೆ ನಿಂತಿದ್ದವು. ಅದೂ ಸರಿಯೇ. ಗಾಳಿ ಇನ್ನೂ ಮನಸ್ಸು ಮಾಡಿರಲಿಲ್ಲ.

ರಸ್ತೆ ತಿರುಗಿ ಸಮುದ್ರ ಪೂರ್ತಿ ತೆರೆದುಕೊಂಡಾಗ ಅವಳು ಕಿಟಕಿಯ ಗಾಜನ್ನು ಕೈಯಿಂದ ಒರೆಸಿದಳು. ದೂರದಲ್ಲಿ, ನೀರು ಮುಗಿಯುವಲ್ಲಿ, ಕಪ್ಪಗೆ ಒಂದು ಗೆರೆ. ಅದರ ಮೇಲೆ ಹೂಕೋಸಿನಂಥ ಬಿಳಿಯ ಗುಪ್ಪೆಗಳು.

"ಅಣ್ಣ, ಅಲ್ಲೊಂದು ದ್ವೀಪ ಇದೆಯಾ?"

ಗೆಂಪೇಯ್ ಒಮ್ಮೆ ತಿರುಗಿ ನೋಡಿದ. ಮುಖದ ಮೇಲಿದ್ದ ನಗು ಹೋಯಿತು.

"ಇಪ್ಪತ್ತೈದು ವರ್ಷದಿಂದ ಈ ರಸ್ತೆ ತುಳೀತಿದೀನಿ. ಅಲ್ಲಿ ಯಾವ ದ್ವೀಪನೂ ಇಲ್ಲ."

ಅವಳು ಮತ್ತೆ ಗಾಜಿಗೆ ಕಣ್ಣು ಹಚ್ಚಿದಳು. ಗುಪ್ಪೆಗಳಲ್ಲಿ ಒಂದರ ತಲೆ ಈಗಾಗಲೇ ಚಪ್ಪಟೆಯಾಗಿ ಪಕ್ಕಕ್ಕೆ ಹರಡತೊಡಗಿತ್ತು. ಚಳಿಗಾಲದ ಮಟ್ಟಿಗೆ ಅಷ್ಟು ಎತ್ತರ ಬೆಳೆದ ಮೋಡ ಬರೀ ಹಿಮ ತರುವುದಿಲ್ಲ, ಗುಡುಗನ್ನೂ ತರುತ್ತದೆ.

"ಎಷ್ಟು ಹೊತ್ತಿದೆ?"

"ನಾನು ಹೇಳಿದ್ದಕ್ಕಿಂತ ಕಡಿಮೆ. ತುಂಬಾ ಕಡಿಮೆ."

"ಹಿಂದಕ್ಕೆ ಹೋಗೋಣ್ವಾ?"

"ಹಿಂದಕ್ಕೆ ಹೋದ್ರೂ ಅಷ್ಟೇ ದೂರ. ಸುರಂಗ ಮುಟ್ಟು. ಮೊದಲು ಸುರಂಗ ಮುಟ್ಟು, ಅಣ್ಣ."

ಬಿಸಿಲು ಇನ್ನೂ ಇತ್ತು. ಆ ಬಿಸಿಲಲ್ಲೇ ಮುಂದಿನ ಗಾಜಿನ ಮೇಲೆ ಏನೋ ಟಪಟಪನೆ ಬಿದ್ದು ಪುಟಿಯಿತು. ಸಾಬಕ್ಕಿ ಎರಚಿದ ಹಾಗೆ ಬಿಳಿಯ, ಗುಂಡನೆಯ, ಮೆತ್ತನೆಯ ಕಾಳುಗಳು. ಎತ್ತರದ ಮೋಡದೊಳಗೆ ಮೇಲೆ ಕೆಳಗೆ ಉರುಳಾಡಿ ಉಂಡೆಯಾದ ಹಿಮ ಅದು. ಮೋಡಕ್ಕಿಂತ ಮುಂಚೆ ಗಾಳಿ ತೂರಿಕೊಂಡು ಬಂದಿದ್ದು. ಗೆಂಪೇಯ್ ವೇಗ ಹೆಚ್ಚಿಸಿದ. ಭೂಶಿರದ ಸುರಂಗದೊಳಕ್ಕೆ ಎರಡೂ ಗಾಡಿ ನುಗ್ಗುವಷ್ಟರಲ್ಲಿ ಹಿಂದೆ ಬೆಳಕು ಆರಿತು. ಹಿಂಬದಿಯ ಬಾಯಿಗೆ ಯಾರೋ ಬಿಳಿಯ ಬಟ್ಟೆ ಕಟ್ಟಿದಂತಿತ್ತು. ಗುಡುಗು ಸುರಂಗದೊಳಗೆ ಬಂದು ಉರುಳಾಡಿತು.

ಸುರಂಗದ ಆಚೆ ಬಾಯಿಯ ಬಳಿ ಲಾರಿ ನಿಲ್ಲಿಸಿದರು. ಅಲ್ಲಿಂದ ಮುಂದೆ ಹುಲ್ಲುಗಾವಲಿನ ಬಯಲು, ಒಂದು ಸೇತುವೆ, ಆಮೇಲೆ ಕಮುರೊ. ಬಯಲಿನಲ್ಲಿ ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇರಲಿಲ್ಲ.

ಹಯಾಮಿ ಇಳಿದು ಓಡಿಬಂದಳು. "ಯಾಕೆ ನಿಲ್ಸಿದ್ರಿ? ಎದೆಬಡಿತ ತಪ್ಪಿ ತಪ್ಪಿ ಬರ್ತಿದೆ. ಅಜ್ಜಿ ಬೇರೆ ಈಗ ಬಾಯಿಬಿಟ್ಟಿದಾರೆ, ನಿನ್ನೆ ಒಣಗಿಸಿದ ಪರ್ಸಿಮನ್ ಹಣ್ಣು ತಿಂದ್ರಂತೆ. ಕಿಡ್ನಿ ಕೆಟ್ಟವರಿಗೆ ಅದರಲ್ಲಿರೋ ಪೊಟ್ಯಾಶಿಯಂ ವಿಷ!"

ತೆರೆದ ಬಾಗಿಲಿನಿಂದ ಕ್ಷೀಣವಾದ ದನಿಯೊಂದು ಕೇಳಿತು. "ನಾಲ್ಕೇ ನಾಲ್ಕು ಕಣಮ್ಮಾ. ಊರಿಗೆಲ್ಲ ಡಂಗುರ ಹೊಡೀಬೇಡ."

"ಹೋಗೇಬಿಡೋಣ," ಎಂದ ಗೆಂಪೇಯ್. "ಇಲ್ಲಿ ಕಾಯ್ತಾ ಕೂತ್ರೆ ಅಜ್ಜಿ ಇಲ್ಲೇ ಹೋಗ್ತಾರೆ."

"ಈಗ ಹೊರಟ್ರೆ ಐದೂ ಜನ ಹೋಗ್ತೀವಿ."

"ಮತ್ತೆ ಏನ್ ಮಾಡ್ಬೇಕು ಹೇಳು! ಸಲಹೆಗಾರ್ತಿ ತಾನೇ ನೀನು?"

ಚಿಹಾರು ಸುರಂಗದ ಬಾಯಿಯ ಕಡೆ ಕೈ ತೋರಿಸಿದಳು. "ಈ ಮೋಡಗಳು ಸಾಲು ಸಾಲಾಗಿ ಬರ್ತವೆ. ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಸಂದಿ ಇರುತ್ತೆ. ಬೆಳಿಗ್ಗೆ ಚಿತ್ರದಲ್ಲಿ ನೋಡಿದೀನಿ. ಇದು ಮೊದಲನೇ ಸಾಲು. ಇದನ್ನ ಹೋಗೋಕೆ ಬಿಡೋಣ. ಸಂದಿ ಬಂದ ತಕ್ಷಣ ಓಡೋಣ."

"ಸಂದಿ ಬರದೇ ಇದ್ರೆ?" ಹಯಾಮಿ ಕೇಳಿದಳು.

"ಇನ್ನು ಸ್ವಲ್ಪ ಹೊತ್ತಿಗೆ ಸಾಲುಗಳೆಲ್ಲ ಕೂಡ್ಕೊಂಡುಬಿಡ್ತವೆ. ಆಮೇಲೆ ಬರಲ್ಲ. ಈಗ ಬರುತ್ತೆ ಅಂತ..." ಅವಳು ತಡೆದಳು. "ಬರುತ್ತೆ ಅಂತ ನಂಬಿದೀನಿ. ಗೊತ್ತಿಲ್ಲ."

ರೇಡಿಯೋದಲ್ಲಿ ಹಿರುಮನ ದನಿ ಗೊರಗೊರನೆ ಬಂತು. "ರೇಡಾರ್‌ನಲ್ಲಿ ಏನೂ ಕಾಣ್ತಿಲ್ಲ, ಚಿಹಾರು ಅವ್ರೇ. ಪೂರ್ತಿ ಖಾಲಿ ಇದೆ. ಯಾಕೆ ನಿಂತ್ರಿ?"

"ಹಿರುಮ ಸರ್, ಬೀದಿಲಿರೋ ಎಲ್ಲರನ್ನೂ ಒಳಗೆ ಕಳಿಸಿ. ಧ್ವನಿವರ್ಧಕದಲ್ಲಿ ಕೂಗಿಸಿ. ಈಗಲೇ. ಇಲ್ಲಿ ಬಿರುಗಾಳಿ ಬಂದಾಯ್ತು."

ಅವಳು ಸುರಂಗದ ಬಾಯಿಗೆ ನಡೆದು ಗೋಡೆಗೆ ಆತು ನಿಂತಳು. ಹೊರಗೆ ಬಿಳುಪು ಬಿಟ್ಟರೆ ಏನೂ ಇಲ್ಲ. ಹಿಮ ಮೇಲಿನಿಂದ ಬೀಳುತ್ತಿರಲಿಲ್ಲ, ಅಡ್ಡಡ್ಡ ಹಾರುತ್ತಿತ್ತು. ನೆಲದ ಹಿಮವೂ ಎದ್ದು ಅದರ ಜೊತೆ ಓಡುತ್ತಿತ್ತು. ಕೇಂದ್ರದಲ್ಲಿದ್ದಾಗ ಇಂಥ ಎಷ್ಟೋ ಸಾಲುಗಳನ್ನು ಅವಳು ಪರದೆಯ ಮೇಲೆ ಎಣಿಸಿದ್ದಳು. ಅಲ್ಲಿ ತಪ್ಪಾದರೆ ಮರುದಿನ ಅಂಕಿ ತಿದ್ದುತ್ತಿದ್ದರು. ಇಲ್ಲಿ ಬೆನ್ನ ಹಿಂದೆ ಯಂತ್ರವೊಂದು ಮುದುಕಿಯ ಎದೆಬಡಿತವನ್ನು ಟಕ್, ಟಕ್ ಎಂದು ಹೇಳುತ್ತಿತ್ತು. ನಡುನಡುವೆ ಒಂದು ಟಕ್ ಬಾರದೆ ಹೋಗುತ್ತಿತ್ತು. ಹಯಾಮಿ ಎರಡು ಸಲ ಬಂದು "ಇನ್ನೂ ಇಲ್ವಾ?" ಎಂದಳು. ಮೂರನೆಯ ಸಲ ಬಂದವಳು ಹೊರಗಿನ ಬಿಳುಪು ನೋಡಿ ಅಳುಮುಖ ಮಾಡಿ ಹೋದಳು.

ಗೆಂಪೇಯ್ ಎಂಜಿನ್ ಆರಿಸಿರಲಿಲ್ಲ. ಇನ್ನು ತಡೆಯಲಾರೆನೆಂದು ಗೇರಿಗೆ ಕೈ ಹಾಕಿದ್ದ. ಆಗ ಬಿಳುಪಿನ ಬಣ್ಣ ಬದಲಾಯಿತು. ಬೂದಿಯಂತಿದ್ದದ್ದು ಹಾಲಿನಂತಾಯಿತು, ಆಮೇಲೆ ಅದರೊಳಗೆ ಹಳದಿಯ ಒಂದು ಕಲೆ. ಮೊದಲ ಕಂಬ ಕಂಡಿತು. ಎರಡನೆಯದು. ಐದನೆಯದು.

"ಅಣ್ಣಾ! ನಡಿ!"

ಬಯಲಿನ ಮೇಲೆ ಮತ್ತೆ ಬಿಸಿಲು ಬಿದ್ದಿತ್ತು. ಎಡಕ್ಕೆ ಸಮುದ್ರದ ಮೇಲೆ ಮುಂದಿನ ಸಾಲು ಗೋಡೆಯಂತೆ ಎದ್ದು ನಿಂತಿತ್ತು, ಅದರ ಬುಡ ಆಗಲೇ ದಡ ಮುಟ್ಟಿತ್ತು. ಲಾರಿ ಹಿಮ ತಳ್ಳುತ್ತ, ನರಳುತ್ತ ಓಡಿತು. ದೂರದಲ್ಲಿ ಕಮುರೊದ ನೀರಿನ ತೊಟ್ಟಿ ಕಂಡಿತು. ಸೇತುವೆಯ ಕಂಬಿಗಳೂ ಕಂಡವು. ಅಷ್ಟರಲ್ಲಿ ಲಾರಿ ಒಂದು ಬದಿಗೆ ಜೋಲಿ ಹೊಡೆಯಿತು, ಗಾಜು ಬೆಳ್ಳಗಾಯಿತು, ಎಲ್ಲವೂ ಮಾಯ.

ಗೆಂಪೇಯ್ ಬ್ರೇಕ್ ಒತ್ತಿದ. ಲಾರಿಯ ಸ್ವಂತ ಅಲಗೂ ಅವನಿಗೆ ಕಾಣುತ್ತಿರಲಿಲ್ಲ. ಹಿಂದಿನಿಂದ ಆಂಬುಲೆನ್ಸಿನ ಹಾರನ್ ಒಂದೇ ಸಮನೆ ಕೂಗಿತು.

"ನಿಂತ್ರೆ ಹೂತುಹೋಗ್ತೀವಿ," ಎಂದ. ಆಮೇಲೆ ತಂಗಿಯ ಕಡೆ ನೋಡಿದ. ಆ ಸೀಟಿನ ಕೆಲಸ ಏನೆಂದು ಅವನೇ ಹೇಳಿದ್ದ.

ಚಿಹಾರು ಸೀಟಿನ ಹಿಂದಿದ್ದ ಹಗ್ಗ ಎಳೆದುಕೊಂಡಳು. "ಹೇಗೆ ಕಟ್ಕೋಬೇಕು, ಹೇಳು."

ಅವನೇ ಅವಳ ಸೊಂಟಕ್ಕೆ ಬಿಗಿದ. ಕೈಗೆ ಕೆಂಪು ದೀಪದ ಕೋಲು ಕೊಟ್ಟ. "ಇನ್ನೊಂದು ತುದಿ ಕಿಟಕಿಯಿಂದ ನನ್ನ ಕೈಗೆ ಬರುತ್ತೆ. ಹಗ್ಗ ಯಾವಾಗ್ಲೂ ಬಿಗಿಯಾಗಿರ್ಬೇಕು. ಸಡಿಲ ಆದ್ರೆ ನಾನು ನಿನ್ನ ಮೇಲೆ ಬರ್ತಿದೀನಿ ಅಂತ ಅರ್ಥ. ನಿಲ್ಲಿಸ್ತೀನಿ. ತಿಳೀತಾ? ಸೇತುವೆ ತನಕ ಬಲಗಡೆ ಕಂಬಿ ಇಲ್ಲ. ಕೆಳಗೆ ಹೊಳೆ."

ಇಳಿದ ಕೂಡಲೆ ಗಾಳಿ ಅವಳನ್ನು ಲಾರಿಗೆ ಬಡಿಯಿತು. ಉಸಿರು ತೆಗೆದರೆ ಬಾಯಿ ತುಂಬ ಹಿಮ. ಕಣ್ಣು ಕಾಣದ ಕಡೆ ಅವಳು ಕಾಲನ್ನು ನಂಬಿದಳು. ಒಣ ಹಿಮದ ಕೆಳಗೆ ರಸ್ತೆಯ ಮೇಲೆ ಗಟ್ಟಿಯಾದ ಮಂಜುಗಡ್ಡೆ ಇತ್ತು, ಬೂಟಿನ ಹಿಮ್ಮಡಿ ಹೊಡೆದರೆ ಟಣ್ ಎನ್ನುತ್ತಿತ್ತು. ರಸ್ತೆ ಬಿಟ್ಟರೆ ಮೇಲಿನ ತೆಳು ಪದರ ಒಡೆದು ಕಾಲು ಒಳಕ್ಕೆ ಇಳಿಯುತ್ತಿತ್ತು. ಹಿಮ್ಮಡಿ ಹೊಡೆಯುತ್ತ, ಹಗ್ಗದ ಬಿಗಿಯನ್ನು ಬೆನ್ನಲ್ಲಿ ಅನುಭವಿಸುತ್ತ ಅವಳು ಮುಂದೆ ನಡೆದಳು. ಒಂದು ಕಂಬ ಕೈಗೆ ಸಿಕ್ಕಿದಾಗ ಅದನ್ನು ತಬ್ಬಿ ದೀಪ ಬೀಸುತ್ತಿದ್ದಳು. ಲಾರಿ ಗುರುಗುಟ್ಟುತ್ತ ಒಂದಿಷ್ಟು ಸರಿಯುತ್ತಿತ್ತು. ಮತ್ತೆ ಮುಂದಿನ ಕಂಬ.

ಎಷ್ಟು ಕಂಬ ಆಯಿತೆಂದು ಅವಳಿಗೆ ತಿಳಿಯಲಿಲ್ಲ. ಎಡಗೈಯ ಬೆರಳುಗಳು ಇವೆಯೆಂಬುದೇ ಮರೆತುಹೋಗಿತ್ತು. ಆಗ ಹಿಮ್ಮಡಿ ಹೊಡೆದಲ್ಲಿ ಸದ್ದು ಬರಲಿಲ್ಲ. ಕಾಲು ಇಳಿಯಿತು, ಇನ್ನೂ ಇಳಿಯಿತು, ಅವಳು ಮಗ್ಗುಲಿಗೆ ಉರುಳಿದಳು. ದೀಪ ಕೈಜಾರಿತು. ಎದ್ದೇಳಲು ಹಗ್ಗ ಹಿಡಿದು ಎಳೆದರೆ ಹಗ್ಗ ಸಲೀಸಾಗಿ ಅವಳ ಕಡೆಗೇ ಬಂತು.

ಸಡಿಲ.

ಎಂಜಿನ್ ಸದ್ದು ಹತ್ತಿರವಾಗುತ್ತಿತ್ತು. ಅವಳು ಕೂಗಿದಳು. ಕೂಗು ಅವಳ ಕಿವಿಗೇ ಕೇಳಿಸಲಿಲ್ಲ. ಬಿಳುಪಿನೊಳಗಿಂದ ಕಪ್ಪು ಅಲಗು ಮನೆಯ ಗೋಡೆಯಷ್ಟು ದೊಡ್ಡದಾಗಿ ಹೊರಬಂತು. ಅವಳು ಮೊಣಕಾಲು ಎದೆಗೆ ಎಳೆದುಕೊಂಡು ಕಣ್ಣು ಮುಚ್ಚಿದಳು.

ಅಲಗು ನಿಂತಿತು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ.

ಗೆಂಪೇಯ್ ಹಗ್ಗ ಹಿಡಿದೇ ಕೆಳಗೆ ಹಾರಿದ. ಅವಳ ಕೊರಳಪಟ್ಟಿ ಹಿಡಿದು ಮೇಲಕ್ಕೆಳೆದು, ಕಿವಿಗೆ ಬಾಯಿ ಹಚ್ಚಿ ಅರಚಿದ. "ಬದುಕಿದೀಯಾ? ಮಾತಾಡೇ! ಬದುಕಿದೀಯಾ?"

"ರಸ್ತೆ ಎಡಕ್ಕಿದೆ," ಎಂದಳು ಅವಳು. "ಎಡಕ್ಕೆ ತಿರುಗಿಸು."

"ಸಾಕು, ಹತ್ತು. ನಾನು ನಡೀತೀನಿ."

"ನಂಗೆ ಲಾರಿ ಓಡಿಸೋಕೆ ಬರುತ್ತಾ? ಬಿಡು. ದೀಪ ಇನ್ನೊಂದಿದ್ರೆ ಕೊಡು."

ಅವನು ಕೊಟ್ಟ. ಅವಳು ಮತ್ತೆ ಹಿಮ್ಮಡಿ ಹೊಡೆದು, ಆ ಟಣ್ ಎಂಬ ಸದ್ದು ಸಿಕ್ಕ ಮೇಲೆ ಮುಂದೆ ನಡೆದಳು. ಕೊನೆಗೆ ಕೈಗೆ ತಣ್ಣಗಿನ ಕಬ್ಬಿಣ ಸಿಕ್ಕಿತು. ಸೇತುವೆಯ ಕಂಬಿ. ಅದನ್ನು ಹಿಡಿದು ದಾಟಿದ ಮೇಲೆ ಗಾಳಿ ಅರ್ಧಕ್ಕರ್ಧ ತಗ್ಗಿತು. ಊರಂಚಿನಲ್ಲಿ ಹಿಮ ತಡೆಯಲು ನೆಟ್ಟ ಮರಗಳ ಸಾಲು ಶುರುವಾಗಿತ್ತು, ಅದರಾಚೆ ಆಸ್ಪತ್ರೆಯ ದೀಪ ಮಸುಕಾಗಿ ಕಾಣುತ್ತಿತ್ತು.

ತೋಮೆ ಅಜ್ಜಿಯನ್ನು ಒಳಗೆ ಕರೆದೊಯ್ಯುವಾಗ ಹಯಾಮಿ ಮಂಚದ ಜೊತೆಗೇ ಓಡುತ್ತ, ಅಜ್ಜಿಯ ಎದೆಯ ಮೇಲೆ ಎರಡೂ ಕೈ ಇಟ್ಟು ಒತ್ತುತ್ತಿದ್ದಳು. ಬಾಗಿಲು ಮುಚ್ಚಿತು. ಅಣ್ಣ ತಂಗಿ ಕಾರಿಡಾರಿನ ಬೆಂಚಿನ ಮೇಲೆ ಕೂತರು. ಬಾಗಿಲು ತೆರೆಯಲಿಲ್ಲ. ನರ್ಸ್ ಒಬ್ಬಳು ಚಿಹಾರುವಿನ ಎಡಗೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿದಳು. ಜೀವ ಬರುತ್ತಿದ್ದ ಬೆರಳುಗಳ ನೋವಿಗೆ ಅವಳು ತುಟಿ ಕಚ್ಚಿದಳು.

"ದೀಪ ಕಾಣ್ತಿತ್ತು," ಎಂದ ಗೆಂಪೇಯ್, ಯಾರಿಗೂ ಹೇಳದವನಂತೆ. "ಆಮೇಲೆ ಕಾಣ್ಲಿಲ್ಲ. ಗಾಳಿಗೆ ಹಗ್ಗ ಹೊಡ್ಕೊಳ್ತಿತ್ತು, ಬಿಗಿ ಇದೆಯೋ ಸಡಿಲ ಇದೆಯೋ ಕೈಗೆ ಗೊತ್ತಾಗ್ಲಿಲ್ಲ ಕಣೇ. ಸುಮ್ನೆ ಭಯ ಆಯ್ತು, ಬ್ರೇಕ್ ಒತ್ದೆ. ಅಷ್ಟೇ."

ಅವಳು ಒದ್ದೆ ಕೈಯನ್ನು ನೀರಿನಿಂದ ತೆಗೆದು ಅವನ ತೋಳಿನ ಮೇಲಿಟ್ಟಳು. "ನಾನು ಒಂದೂವರೆ ಗಂಟೆ ಅಂದಿದ್ದೆ. ಮುಕ್ಕಾಲು ಗಂಟೆನೂ ಸಿಗಲಿಲ್ಲ."

"ಮುಕ್ಕಾಲು ಅಂದಿದ್ರೆ ಹಿರುಮ ಗೇಟ್ ತೆಗೀತಿದ್ನಾ?"

"ಇಲ್ಲ."

"ಸರಿ ಮತ್ತೆ."

"ಸರಿ ಅಲ್ಲ. ಅದು ನಂಗೆ ಗೊತ್ತಿದ್ದು ಹೇಳಿದ ಸುಳ್ಳಲ್ಲ, ಗೊತ್ತಿಲ್ಲದೆ ಆದ ತಪ್ಪು. ಇನ್ನೊಂದ್ಸಲ ಹೀಗೇ ಆದ್ರೆ?"

ಅಷ್ಟರಲ್ಲಿ ಬಾಗಿಲು ತೆರೆದು ಹಯಾಮಿ ಹೊರಬಂದಳು. ಕೂದಲೆಲ್ಲ ಹಣೆಗೆ ಅಂಟಿಕೊಂಡಿತ್ತು. ಅವರ ಎದುರಿಗೆ ನೆಲದ ಮೇಲೇ ಕೂತು, ಅಜ್ಜಿ ಉಳಿದರೆಂಬಂತೆ ತಲೆಯಾಡಿಸಿದಳು. ರಕ್ತ ಯಂತ್ರದ ಮೂಲಕ ಹರಿಯುತ್ತಿತ್ತು. ಎದೆಬಡಿತ ಸಮಕ್ಕೆ ಬಂದಿತ್ತು. ಅಜ್ಜಿ ಕಣ್ಣು ತೆರೆದು, ಕಾಲು ಹೊದಿಸಿಲ್ಲವೆಂದು ಡಾಕ್ಟರನ್ನು ಗದರಿಸಿದ್ದಳಂತೆ.

ಗೆಂಪೇಯ್ ನಗಲು ಹೋಗಿ ಬಿಕ್ಕಿದ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಬಿರುಗಾಳಿ ಬುಧವಾರದ ತನಕ ಬೀಸಿತು. ಶಿರೊಬೆತ್ಸುವಿನಲ್ಲಿ ಒಂದು ಕೊಟ್ಟಿಗೆಯ ಮಾಡು ಕುಸಿದು ಮೂರು ಹಸು ಸತ್ತವು. ಮನುಷ್ಯರಿಗೆ ಏನೂ ಆಗಲಿಲ್ಲ. ಅಣ್ಣ ತಂಗಿ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ, ಅಲ್ಲಿನ ಅಡುಗೆಮನೆಯವರು ಕೊಟ್ಟ ಅನ್ನದುಂಡೆ ತಿಂದು, ಸೋಯಾ ಕಾಳಿನ ಮಿಸೊ ಸಾರು ಕುಡಿದು ದಿನ ಕಳೆದರು. ಚಿಹಾರು ಗಂಟೆಗೊಮ್ಮೆ ಹಿರುಮನಿಗೆ ಫೋನ್ ಮಾಡಿ ಗಾಳಿಯ ದಿಕ್ಕು ಹೇಳುತ್ತಿದ್ದಳು. ಪ್ರತಿ ಸಲವೂ, "ಇದು ನನ್ನ ಅಂದಾಜು. ಇದರಲ್ಲಿ ಅರ್ಧ ಕಳೆದು ಲೆಕ್ಕ ಹಾಕಿ," ಎಂದು ಸೇರಿಸುತ್ತಿದ್ದಳು. ಮೊದಲು ಹಾಗೆ ಹೇಳುತ್ತಿರಲಿಲ್ಲ.

ಗುರುವಾರ ಎಚ್ಚರಿಕೆ ತೆಗೆದರು. ಆ ಮಧ್ಯಾಹ್ನ ಮೂವರೂ ಒಂದೇ ದಾರಿಯಲ್ಲಿ ಊರಿಗೆ ಹೊರಟರು. ಅಜ್ಜಿ ಆಂಬುಲೆನ್ಸಿನಲ್ಲಿ, ಅವರಿಬ್ಬರು ಲಾರಿಯಲ್ಲಿ. ಸೇತುವೆ ದಾಟಿದ ಮೇಲೆ ಗೆಂಪೇಯ್ ವೇಗ ತಗ್ಗಿಸಿದ. ಎಡಕ್ಕೆ, ಚಿಹಾರು ಸೋಮವಾರ ಉರುಳಿಬಿದ್ದ ಕಡೆ, ರಸ್ತೆಯಂಚಿನಿಂದ ಒಂದೆರಡು ಮಾರಿನ ಆಚೆ, ನೆಲ ಕಡಿದು ಹೊಳೆಗೆ ಇಳಿದಿತ್ತು. ನೀರು ಕಪ್ಪಗೆ ಹರಿಯುತ್ತಿತ್ತು. ಚಿಹಾರು ಕಿಟಕಿಯಿಂದ ಬಗ್ಗಿ ಅದನ್ನೇ ನೋಡಿದಳು.

"ನಿಲ್ಲಿಸ್ಲಾ?" ಎಂದ ಅಣ್ಣ.

"ಬೇಡ, ನಡಿ," ಎಂದಳು.